ರೂಪದಲ್ಲಿ ಶುದ್ಧಿ ಇಲ್ಲ

ಬಸ್ಸು ಕಲ್ಮಲ ದಾಟಿದರೂ ಅಯ್ಯಮ್ಮ ತೊಡೆಯ ಮೇಲಿನ ಚೀಲದಿಂದ ಕೈ ತೆಗೆದಿರಲಿಲ್ಲ. ಚೀಲದಲ್ಲಿ ಕನ್ನಡಕದ ಡಬ್ಬಿ, ಒಂದು ಕರವಸ್ತ್ರ, ನಾಲ್ಕು ಮಡಿಕೆ ಮಾಡಿದ ಒಂದು ಹಾಳೆ, ಇಷ್ಟೇ. ಆ ಹಾಳೆಯನ್ನು ಒಂದೂವರೆಯೊಳಗೆ ಮಾನ್ವಿಯ ಕಚೇರಿಗೆ ಮುಟ್ಟಿಸಬೇಕು. ಇವತ್ತು ಶನಿವಾರ, ಆಮೇಲೆ ಬಾಗಿಲು ಹಾಕುತ್ತಾರೆ. ಸ್ಪರ್ಧೆಗೆ ಬಂದ ಒಂಬತ್ತು ಹೆಂಗಸರ ಒಂಬತ್ತು ಕೌದಿಗಳು, ತುಂಡುಬಟ್ಟೆ ಜೋಡಿಸಿ ಹೊಲಿದ ಹೊದಿಕೆಗಳು; ಒಂಬತ್ತು ಸಂಖ್ಯೆ, ಹೆಸರು, ಎದುರಿಗೆ ಷರಾ. ಮೊದಲು ಬಂದವಳನ್ನು ಮಾನ್ವಿಯಲ್ಲಿ ಹೊಸದಾಗಿ ತೆರೆಯುವ ಹೊಲಿಗೆ ಕೇಂದ್ರಕ್ಕೆ ಕಲಿಸುವವಳನ್ನಾಗಿ ತೆಗೆದುಕೊಳ್ಳುತ್ತಾರೆ. ತಿಂಗಳು ತಿಂಗಳು ಸಂಬಳದ, ನೆರಳಲ್ಲಿ ಕೂತು ಮಾಡುವ ಕೆಲಸ. ನಿರ್ಣಾಯಕರು ಇಬ್ಬರು, ಸಹಿಯೂ ಎರಡು. ಆದರೆ ಷರಾಗಳೆಲ್ಲ ಅಯ್ಯಮ್ಮನ ಕೈಬರಹದವು. ರಾಯಚೂರಿನ ಕಾಲೇಜಿನಲ್ಲಿ ಹನ್ನೊಂದು ವರ್ಷದಿಂದ ಕನ್ನಡ ಕಲಿಸುವವಳು ಅವಳು; ಬರೆಯುವುದನ್ನು ನೀವೇ ಬರೆಯಿರಿ ಎಂದು ಇನ್ನೊಬ್ಬರು ಪೆನ್ನನ್ನು ಇವಳ ಕಡೆ ಸರಿಸಿದ್ದರು. ಏಳನೆಯ ಸಂಖ್ಯೆಯ ಎದುರಿಗೆ ಅವಳು ಬರೆದಿದ್ದಳು: ರೂಪದಲ್ಲಿ ಶುದ್ಧಿ ಇಲ್ಲ. ಬರೆದಾಗ ಆ ಮಾತಿನ ತೂಕ ಅವಳಿಗೇ ಹಿಡಿಸಿತ್ತು. ಬಾಯೊಳಗೆ ಒಮ್ಮೆ ಹೇಳಿಕೊಂಡಿದ್ದಳು ಕೂಡ. ಈಗ ಅದೇ ಮಾತು ಹಲ್ಲಿನ ಸಂದಿಯಲ್ಲಿ ಸಿಕ್ಕ ನಾರಿನ ಹಾಗೆ ನಿನ್ನೆಯಿಂದ ನಾಲಗೆಗೆ ತಾಗುತ್ತಿದೆ. ಪಕ್ಕದ ಮುದುಕ ತನ್ನ ಬದನೆಕಾಯಿಯ ಬುಟ್ಟಿ ಅವಳ ಸೀರೆಗೆ ತಾಗೀತೆಂದು ಅದನ್ನು ಎತ್ತಿ ತನ್ನ ಪಾದಗಳ ಮೇಲೆಯೇ ಇಟ್ಟುಕೊಂಡ. ಬುಟ್ಟಿ ಭಾರವಿತ್ತು, ಬಸ್ಸು ಕುಣಿದಾಗಲೆಲ್ಲ ಅವನ ಮುಖ ಸ್ವಲ್ಪ ಬಿಗಿಯುತ್ತಿತ್ತು. ಇರಲಿ ಬಿಡ್ರಿ, ಕೆಳಗೇ ಇಡ್ರಿ ಎಂದು ಹೇಳಬೇಕೆಂದುಕೊಂಡಳು, ಹೇಳಲಿಲ್ಲ. ಇಂಥ ಒಳ್ಳೆಯತನ ಈ ಸೀಮೆಯಲ್ಲಿ ಬಿಟ್ಟಿಯಾಗಿ ಸಿಗುತ್ತದೆ, ಅದಕ್ಕೇ ಅದು ಕಾಣುವುದಿಲ್ಲ ಎಂದುಕೊಂಡಳು. ಹಾಗೆ ಅಂದುಕೊಂಡದ್ದಕ್ಕೂ ನಾಚಿಕೆಯಾಯಿತು. ಈಗ ಏನು ಅಂದುಕೊಂಡರೂ ಪಾಠ ಹೇಳಿದ ಹಾಗೇ ಕೇಳಿಸುತ್ತದೆ.

ನಿನ್ನೆ ಪಾಠವೇ ನಡೆದಿತ್ತು. ಅಂತಿಮ ವರ್ಷದ ತರಗತಿ, ವಿಮರ್ಶೆಯ ಪತ್ರಿಕೆ. ರೂಪವಾದಕ್ಕೂ ಶುದ್ಧತಾವಾದಕ್ಕೂ ಇರುವ ಅರ್ಥವ್ಯತ್ಯಾಸ, ಐದು ಅಂಕದ ಪ್ರಶ್ನೆ, ಎರಡು ವರ್ಷಕ್ಕೊಮ್ಮೆ ಬಂದೇ ಬರುತ್ತದೆ. ಹನ್ನೊಂದು ವರ್ಷದಿಂದ ಹೇಳಿ ಬರೆಸುತ್ತ ಬಂದ ಟಿಪ್ಪಣಿಯನ್ನೇ ಅವಳು ನಿನ್ನೆಯೂ ಬರೆಸಿದಳು. ಕೃತಿಯ ಬೆಲೆ ಅದರ ಕಟ್ಟಡದಲ್ಲಿದೆ ಎನ್ನುವುದು ರೂಪವಾದ. ಕೃತಿಯೊಳಗೆ ಪರಕೀಯವಾದದ್ದು ಬೆರೆಯಬಾರದು ಎನ್ನುವುದು ಶುದ್ಧತಾವಾದ. ಬರೆಸಿ ಮುಗಿಸಿ, ಎಂದಿನಂತೆ, ಆಳದಲ್ಲಿ ನೋಡಿದರೆ ಎರಡೂ ಒಂದೇ ಸ್ವಭಾವ, ಅಚ್ಚುಕಟ್ಟು ಬಯಸುವ ಮನಸ್ಸಿನ ಎರಡು ಹೆಸರು ಎಂದು ಸೇರಿಸಿದಳು. ಅವಳಿಗೆ ತನ್ನ ಟಿಪ್ಪಣಿಯಲ್ಲಿ ತುಂಬ ಇಷ್ಟವಾದ ವಾಕ್ಯ ಅದು. ಕೊನೆಯ ಬೆಂಚಿನಿಂದ ಮಾನಮ್ಮ ಎದ್ದು ನಿಂತಳು. ಎದ್ದು ನಿಲ್ಲುವ ಹುಡುಗಿಯಲ್ಲ. ಹಾಜರಿ ಕೂಗಿದಾಗ ಕೂಡ ಪಕ್ಕದವಳಿಗಷ್ಟೇ ಕೇಳುವ ಹಾಗೆ ಹೂಂ ಎನ್ನುವವಳು. ಒಂದೇ ಆಗಿದ್ದರೆ ಎರಡು ಹೆಸರು ಯಾಕೆ ಎಂದು ಕೇಳಿದಳು. ಅಯ್ಯಮ್ಮ ನಕ್ಕು, ನೀನೇ ಹೇಳು ನೋಡೋಣ ಅಂದಳು. ಕೇಳಿದವರನ್ನೇ ಕೇಳುವುದು ಹಳೆಯ ಮೇಷ್ಟರುಗಳ ಉಪಾಯ. ಹುಡುಗಿ ಬೆಂಚಿನ ಅಂಚನ್ನು ಉಗುರಿನಿಂದ ಕೆರೆಯುತ್ತ ಹೇಳಿದಳು:

"ನಮ್ಮವ್ವ ಕೌದಿ ಹೊಲಿತಾಳ್ರಿ ಮೇಡಂ. ಯಾರು ಹೊಲದದ್ದು ನೋಡಿದ್ರೂ ಹೆಂಗ ಹೊಲದಿ ಅಂತ ಕೇಳ್ತಾಳ್ರಿ. ಅರಿವಿ ಎಲ್ಲಿಂದ ತಂದಿ ಅಂತ ಕೇಳಂಗಿಲ್ಲ. ಕೆಲವರು ಎಲ್ಲಿಂದ ತಂದಿ ಅಂತ ಅಷ್ಟ ಕೇಳ್ತಾರ್ರಿ. ಹೆಂಗ ಹೊಲದಿ ಅಂತ ನೋಡಂಗಿಲ್ಲ. ಅವರಿಬ್ಬರೂ ಒಂದ ಹೆಂಗ ಆಗ್ತಾರ್ರಿ?"

ಊರು ಯಾವುದೆಂದು ಅಯ್ಯಮ್ಮ ಕೇಳಿದಳು. ಕಲ್ಲೂರು. ಅವ್ವನ ಹೆಸರು? ಮೂಕಮ್ಮ. ಗಂಟೆ ಹೊಡೆಯಿತು. ಗಂಟೆ ಹೊಡೆದದ್ದಕ್ಕೆ ತನಗಾದ ಸಮಾಧಾನವನ್ನು ಅವಳು ಆ ಕ್ಷಣದಲ್ಲೇ ಗುರುತು ಹಿಡಿದಳು. ಹುಡುಗಿಯೂ ಗುರುತು ಹಿಡಿದಳೇನೋ. ಆದರೆ ಮಾನಮ್ಮ ಮುಂದೆ ಬಂದು, ಮೇಜಿನ ಕೆಳಗೆ ಬಿದ್ದಿದ್ದ ಸೀಮೆಸುಣ್ಣದ ತುಂಡನ್ನು ಎತ್ತಿ ಡಬ್ಬಿಗೆ ಹಾಕಿ, ಶನಿವಾರ ಊರಿಗೆ ಹೋಗುತ್ತೇನೆ, ಸೋಮವಾರ ಮೊದಲ ಪಾಠಕ್ಕೆ ಬರುವುದು ಹೊತ್ತಾಗಬಹುದು ಎಂದು ಹೇಳಿ ಹೋದಳು.

ಏಳನೆಯ ಕೌದಿ ಆ ಮೂಕಮ್ಮನದೇ. ಮಂಗಳವಾರ ದೇವದುರ್ಗದ ಶಾಲೆಯ ದೊಡ್ಡ ಕೋಣೆಯಲ್ಲಿ ಹಗ್ಗ ಕಟ್ಟಿ ಒಂಬತ್ತನ್ನೂ ತೂಗುಹಾಕಿದ್ದರು. ಹೊಲಿದವರು ಹೊರಗೆ ಜಗಲಿಯ ಮೇಲೆ ಕೂತಿದ್ದರು. ಜತೆಗಿದ್ದ ನಿರ್ಣಾಯಕಿ ಮಾನ್ವಿಯ ಕಚೇರಿಯ ಅಧಿಕಾರಿಯ ಹೆಂಡತಿ, ದಕ್ಷಿಣದ ಕಡೆಯವರು, ಮೆಲುಮಾತಿನವರು, ಅಯ್ಯಮ್ಮನಿಗಾಗಿ ಫ್ಲಾಸ್ಕಿನಲ್ಲಿ ಕಾಫಿ ತಂದಿದ್ದರು. ಬಸವಂತಮ್ಮ ಎಂಬವಳದನ್ನು ಇಬ್ಬರೂ ಬೇಗ ಮೆಚ್ಚಿ ಮೊದಲನೆಯದೆಂದರು. ಅಂಗಡಿಯ ಹೊಸ ಬಟ್ಟೆ, ಕೆಂಪು, ಹಳದಿ, ಹಸಿರು, ಚೌಕದ ಪಕ್ಕ ಚೌಕ, ಇಸ್ತ್ರಿ ಮಾಡಿದ ಹಾಗಿತ್ತು. ಏಳನೆಯದರಲ್ಲಿ ಏನೇನೋ ಇತ್ತು. ಟೆರಿಲಿನ್ ಅಂಗಿಯ ಬೆನ್ನು, ಧೋತರದ ಅಂಚು, ಬುರ್ಖಾದ ಕರಿ ಬಟ್ಟೆಯ ಒಂದು ತುಂಡು, ಯಾವುದೋ ಪಕ್ಷದ ಬಾವುಟದ ಚೂರು, ರವಿಕೆಯ ತೋಳು. ನಟ್ಟನಡುವೆ ಅಂಗೈಯಗಲದ ಒಂದು ಹೂವಿನ ತೇಪೆ, ಅದರ ಒಳಗೆ ಏನೋ ಗಟ್ಟಿ. ಅಧಿಕಾರಿಯ ಹೆಂಡತಿ ಬೆರಳಿನಿಂದ ಒತ್ತಿ ನೋಡಿ, ಇದೇನಿದು, ಒಳಗೆ ಕಸ ಸೇರಿಕೊಂಡಿದೆಯಲ್ಲ ಎಂದರು. ಕತ್ತರಿ ತರಿಸಿದರು. ಎರಡು ಎಳೆ ಕತ್ತರಿಸಿ ತೇಪೆ ಎತ್ತಿದಾಗ ಜೋಳದ ರೊಟ್ಟಿಯ ಒಣ ಚೂರು ಪುಡಿಯಾಗಿ ಅಯ್ಯಮ್ಮನ ಅಂಗೈಯಲ್ಲಿ ಬಿತ್ತು.

ಅವಳಿಗೆ ಗೊತ್ತಿತ್ತು. ಕತ್ತರಿ ದಾರಕ್ಕೆ ತಾಗುವ ಮೊದಲೇ ಗೊತ್ತಿತ್ತು. ಜಾಲಹಳ್ಳಿಯಲ್ಲಿ, ಕುರಿಹಟ್ಟಿಯ ಪಕ್ಕದ ಮನೆಯಲ್ಲಿ, ಅಜ್ಜಿ ಬೂದೆಮ್ಮ ಕೌದಿಯನ್ನು ನಾಲ್ಕು ಮೂಲೆಯಿಂದ ಸುತ್ತುತ್ತ ಸುತ್ತುತ್ತ ಒಳಗೆ ಹೊಲಿಯುತ್ತ ಬಂದು, ಕೊನೆಗೆ ನಡುವೆ ಅಂಗೈಯಷ್ಟು ಜಾಗ ಬಿಟ್ಟು ಕೂಗುತ್ತಿದ್ದಳು. ಅಯ್ಯೀ, ರೊಟ್ಟಿ ತಗೊಂಬಾ, ಇದರ ಹೊಟ್ಟಿ ತುಂಬಸೋಣು. ಹಸಿದ ಕೌದಿ ಹೊದ್ದವರಿಗೆ ನಿದ್ದೆ ಕೊಡುವುದಿಲ್ಲ. ಚೂರು ರೊಟ್ಟಿಯನ್ನು ಒಳಗಿಟ್ಟು ಮುಚ್ಚಿ ಹೊಲಿಯುತ್ತಿದ್ದಳು, ಉಳಿದದ್ದನ್ನು ಎದುರಿಗೆ ಬಟ್ಟೆ ಹಿಡಿದು ಕೂತವರು ತಿನ್ನಬೇಕು. ಎಷ್ಟೋ ಸಲ ಬಟ್ಟೆ ಹಿಡಿದು ಕೂತವಳು ಇವಳೇ. ಅದೇ ಕೌದಿಯೊಂದನ್ನು ಕಟ್ಟಿಕೊಂಡು ಗುಲಬರ್ಗಾದ ಹಾಸ್ಟೆಲಿಗೆ ಹೋದಾಗ ಪಕ್ಕದ ಮಂಚದ ಹುಡುಗಿ ಮೂಗು ಹಿಡಿಯಲಿಲ್ಲ, ಬೈಯಲಿಲ್ಲ, ಕಿಟಕಿಯನ್ನಷ್ಟೇ ತೆರೆದಳು. ಮೂರು ದಿನ ಅಯ್ಯಮ್ಮ ಬಂದ ಕೂಡಲೆ ಆ ಕಿಟಕಿ ತೆರೆಯುತ್ತಿತ್ತು. ನಾಲ್ಕನೆಯ ದಿನ ಅವಳು ಕೌದಿಯನ್ನು ಟ್ರಂಕಿನ ತಳಕ್ಕೆ ಹಾಕಿ ಗೋಣಿಯಂಥ ಒಂದು ರಗ್ಗು ಕೊಂಡಳು. ಕುರಿಯ ಕಂಬಳಿ ಶುದ್ಧ, ಅದಕ್ಕೆ ಮೈಲಿಗೆ ಇಲ್ಲ ಎಂದು ಅಪ್ಪ ಕನಕರಾಯ ಹೆಗಲ ಕಂಬಳಿಯನ್ನು ತಟ್ಟಿಕೊಂಡು ಹೇಳುತ್ತಿದ್ದ. ಕೌದಿಯ ಬಗ್ಗೆ ಹಾಗೆ ಯಾರೂ ಹೇಳಿರಲಿಲ್ಲ, ಅದರೊಳಗೆ ಯಾರ ಯಾರ ಬಟ್ಟೆಯೋ.

ಮಂಗಳವಾರ ಬಾಯಿ ಬಿಟ್ಟಿದ್ದರೆ ಒಂದು ನಿಮಿಷದ ಮಾತು. ಇದು ನಮ್ಮ ಪದ್ಧತಿ, ನಮ್ಮಜ್ಜಿಯೂ ಮಾಡುತ್ತಿದ್ದಳು ಅಂದಿದ್ದರೆ ಅಧಿಕಾರಿಯ ಹೆಂಡತಿ ಓಹೋ ಹೌದೇ ಎಂದು ಕತ್ತರಿ ಕೆಳಗಿಡುತ್ತಿದ್ದರು. ಮತ್ತೆ ತಿರುಗಿ ತನ್ನನ್ನು ನೋಡುತ್ತಿದ್ದರು. ಆ ನೋಟ ಬೇಡವಾಗಿತ್ತು. ಅಷ್ಟೇ ಆಗಿದ್ದರೆ ಅಯ್ಯಮ್ಮ ತನ್ನನ್ನು ಹೇಗೋ ಕ್ಷಮಿಸಿಕೊಳ್ಳುತ್ತಿದ್ದಳು. ಆದರೆ ಕೌದಿಗೆ ಚುಚ್ಚಿದ್ದ ಚೀಟಿಯಲ್ಲಿ ಸಂಖ್ಯೆಯ ಕೆಳಗೆ ಹೆಸರಿತ್ತು, ಹೆಸರಿನ ಕೆಳಗೆ ಕೇರಿಯ ಹೆಸರಿತ್ತು, ಕತ್ತರಿ ಬರುವ ಮೊದಲೇ ಅವಳ ಕಣ್ಣು ಅದನ್ನು ಓದಿ ಮುಗಿಸಿತ್ತು. ಪುಡಿ ಕೈಗೆ ಬಿದ್ದಾಗ ಅಧಿಕಾರಿಯ ಹೆಂಡತಿ ಅಯ್ಯೋ ಎಂದು ತಮ್ಮ ಕೈ ಕೊಡವಿಕೊಂಡರು, ಸೆರಗಿಗೆ ಒರೆಸಿಕೊಂಡು ಮತ್ತೆ ಕಾಫಿಯ ಲೋಟ ಹಿಡಿದರು. ಅವರಿಗೆ ಅದು ಬರೀ ಕಸ. ಹೊರಗೆ ಹೋಗಿ ತೊಟ್ಟಿಯ ಹತ್ತಿರ ಕೈ ತೊಳೆದವಳು ಅಯ್ಯಮ್ಮ. ಶಾಲೆಯ ಕಸಗುಡಿಸುವ ಹೆಂಗಸು ಕೇಳದೆಯೇ ಬಂದು ತಂಬಿಗೆಯಿಂದ ನೀರು ಹಾಕಿದಳು. ಸಾಕು ಅಂದ ಮೇಲೆ ಮತ್ತೊಮ್ಮೆ ಹಾಕು ಅಂದವಳೂ ಅಯ್ಯಮ್ಮನೇ. ಎರಡು ಸಲ. ಜಗಲಿಯ ಮೇಲೆ ಒಂಬತ್ತು ಹೆಂಗಸರು ಕೂತಿದ್ದರು. ಅವರಲ್ಲಿ ಯಾರು ಮೂಕಮ್ಮ ಎಂದು ಗೊತ್ತಿರಲಿಲ್ಲ. ಒಳಗೆ ಬಂದು ಒದ್ದೆ ಬೆರಳಿನಿಂದ ಪೆನ್ನು ಹಿಡಿದು ಬರೆದಳು. ರೂಪದಲ್ಲಿ ಎಂದು ಮೊದಲು ಬರೆದದ್ದು ಯಾಕೆ? ಶುದ್ಧಿ ಇಲ್ಲ ಎಂದಷ್ಟೇ ಬರೆಯಬಹುದಿತ್ತಲ್ಲ. ಆ ಮಾತಿನ ಮೇಲೆ ಹೊದಿಸಲು ಒಂದು ಬಟ್ಟೆ ಬೇಕಾಗಿತ್ತು. ರೂಪ ಎನ್ನುವ ಮಾತು ಅಂಗಡಿಯ ಹೊಸ ಬಟ್ಟೆಯ ಹಾಗೆ ಸಿಕ್ಕಿತು.

ಮಾನ್ವಿಗೆ ಟಿಕೀಟು ತೆಗೆದವಳು ಕಲ್ಲೂರಿನಲ್ಲಿ ಎದ್ದು ನಿಂತಳು. ಕಂಡಕ್ಟರು ಇದು ಕಲ್ಲೂರ್ರಿ ಮೇಡಂ, ಮಾನ್ವಿ ಇನ್ನೂ ದೂರದ ಅಂದ. ಗೊತ್ತು ಎಂದು ಇಳಿದಳು. ಅವನು ಅರೆಗಳಿಗೆ ಯೋಚಿಸಿ, ಹನ್ನೆರಡೂವರೆಗೆ ಇನ್ನೊಂದು ಬಸ್ಸು ಅದ, ಈ ಟಿಕೀಟೇ ತೋರಿಸಿ, ನಾನು ಆ ಕಂಡಕ್ಟರಿಗೆ ಹೇಳಿರ್ತೀನಿ ಎಂದು ಕೂಗಿದ. ಹನ್ನೊಂದು ಗಂಟೆಯ ಬಿಸಿಲು. ಕೇರಿಯ ದಾರಿ ಕೇಳಲು ನಾಲಗೆ ಬರಲಿಲ್ಲ. ಮಾನಮ್ಮ, ಕಾಲೇಜಿನ ಹುಡುಗಿ ಎಂದು ಕೇಳಿದಳು. ಅಂಗಡಿಯವನು ಕೈಯಲ್ಲಿದ್ದ ಬೆಲ್ಲದ ತುಂಡನ್ನು ತಕ್ಕಡಿಯಲ್ಲೇ ಬಿಟ್ಟು, ರಸ್ತೆಗೆ ಬಂದು, ತೋರಿಸಿದ.

ಬೇವಿನ ಮರದ ಕೆಳಗೆ ಒಂದಂಕಣದ ಮನೆ. ಹೊರಗಿನ ಹಗ್ಗದ ಮೇಲೆ ಏಳನೆಯ ಕೌದಿ ನಡು ತೆರೆದುಕೊಂಡೇ ತೂಗುತ್ತಿತ್ತು. ಮಾನಮ್ಮ ಅದೇ ಆಗ ಬಂದಿದ್ದಳು, ಕಾಲು ತೊಳೆಯುತ್ತಿದ್ದವಳು ತಂಬಿಗೆ ಕೈಯಲ್ಲಿ ಹಿಡಿದೇ ನಿಂತುಬಿಟ್ಟಳು. ಒಳಗಿನಿಂದ ಬಂದ ಹೆಂಗಸಿಗೆ ಐವತ್ತು ಇರಬಹುದು, ಮೊಣಕಾಲಿನ ಮೇಲೆ ಕೈಯೂರಿ ಹೊಸ್ತಿಲು ದಾಟಿದಳು. ಮಗಳು ಪರಿಚಯ ಮಾಡಿಸುವ ಮೊದಲೇ ಅವಳು, ಇವರು ಮಂಗಳವಾರ ಕೈ ತೊಳಕೊಳ್ಳಾಕ ಬಂದಿದ್ರಲ್ಲ ಎಂದಳು. ಕೊಂಕು ಇರಲಿಲ್ಲ, ನೋಡಿದ್ದನ್ನು ಹೇಳಿದಳು ಅಷ್ಟೇ. ಬರ್ರಿ, ಕುಂದರ್ರಿ ಎಂದು ನೆರಳಿನಲ್ಲಿ ಗೋಣಿಚೀಲ ಹಾಸಿದಳು. ಹಾಸಿ, ಅದನ್ನು ತಿರುವಿ, ಒಳಮೈಯನ್ನು ಮೇಲೆ ಮಾಡಿ ಹಾಸಿದಳು. ಕಳೆ ಕೀಳುವ ಕೆಲಸಕ್ಕೆ ಈಚೆಗೆ ಹೋಗುವುದು ಕಡಿಮೆ, ಮೊಣಕಾಲು ಮಡಚಿದರೆ ಏಳಲು ಬರುವುದಿಲ್ಲ, ಕೂತು ಹೊಲಿಯುವುದಾದರೆ ಹೊತ್ತು ಮುಳುಗುವ ತನಕ ಹೊಲಿಯುತ್ತೇನೆ, ಈ ಮಾನ್ವಿಯ ಕೆಲಸ ಸಿಕ್ಕರೆ ಅಂತ ಅರ್ಜಿ ಹಾಕಿದ್ದೆ ಎಂದು ಅವಳು ತಾನಾಗಿ ಹೇಳಿದಳು. ಕೇಳಿಕೊಳ್ಳುವ ದನಿ ಅಲ್ಲ. ಬಂದವರ ಜತೆ ಮನೆಯ ಸುದ್ದಿ ಹೇಳುವ ದನಿ.

ಅಯ್ಯಮ್ಮ ಹಗ್ಗದ ಮೇಲಿನ ಕೌದಿಯನ್ನು ನೋಡುತ್ತ, ಇನ್ನೂ ಮುಚ್ಚಿ ಹೊಲಿದಿಲ್ಲವಲ್ಲ ಎಂದಳು. ಹೊಲೀಬೇಕ್ರಿ, ಕೈ ತೆರವಾಗಿಲ್ಲ, ಹಸಿದದ್ದನ್ನು ಹೊದ್ಕೊಳ್ಳಂಗಿಲ್ಲ ಅಂತ ತೂಗುಹಾಕೀನಿ ಅಂದಳು ಮೂಕಮ್ಮ. ಆಮೇಲೆ ಸುಮ್ಮನೆ ಕೇಳಿದಳು:

"ನಿಮ್ಮ ಮನ್ಯಾಗ ಕೌದಿ ಹೊಲೀತಿದ್ರೇನ್ರಿ?"

"ನಮ್ಮಜ್ಜಿ ಹೊಲೀತಿದ್ಲು. ಜಾಲಹಳ್ಳಿಯೊಳಗ." ಎಷ್ಟೋ ವರ್ಷದ ಮೇಲೆ ತನ್ನ ಬಾಯಿಂದ ಹೀಗೆ ಊರಿನ ಮಾತು ಬಂದದ್ದನ್ನು ಅಯ್ಯಮ್ಮ ಕೇಳಿಸಿಕೊಂಡಳು.

"ಹೊಟ್ಟಿ ತುಂಬಸ್ತಿದ್ಲಾ?"

"ತುಂಬಸ್ತಿದ್ಲು."

"ಹಂಗಾರ ನಿಮಗ ಗೊತ್ತಿತ್ತು."

ಮಾನಮ್ಮ ತಂಬಿಗೆಯನ್ನು ಕೆಳಗಿಟ್ಟ ಸದ್ದು ಕೇಳಿಸಿತು. ಅಯ್ಯಮ್ಮ ಗೊತ್ತಿತ್ತು ಅಂದಳು.   ಗೊತ್ತಿಲ್ದಾಕಿ ಕತ್ತರಿ ಹಾಕಿದ್ರ ನನಗ ಏನೂ ಅನ್ನಿಸ್ತಿರಲಿಲ್ಲ ಯವ್ವಾ ಅಂದಳು ಮೂಕಮ್ಮ. ಯವ್ವಾ ಅಂದದ್ದು ಅಯ್ಯಮ್ಮನ ಎದೆಗೆ ತಾಗಿತು. ಬೈದಿದ್ದರೆ ಇಷ್ಟು ತಾಗುತ್ತಿರಲಿಲ್ಲ. ಚೀಲದಿಂದ ಹಾಳೆ ತೆಗೆದು, ಇನ್ನೂ ಕೊಟ್ಟಿಲ್ಲ, ತಿದ್ದಬಹುದು, ಈಗಲೇ ತಿದ್ದಿ ಮೊದಲನೆಯದು ನಿಮ್ಮದೇ ಎಂದು ಬರೆಯುತ್ತೇನೆ ಎಂದಳು. ಅವಸರದಲ್ಲಿ ಪೆನ್ನಿನ ಮುಚ್ಚಳ ಕೈ ಜಾರಿ ಮಣ್ಣಿಗೆ ಬಿತ್ತು.

ಮೂಕಮ್ಮ ಮುಚ್ಚಳ ಎತ್ತಿಕೊಟ್ಟಳು. ಹಗ್ಗದಿಂದ ಕೌದಿ ತೆಗೆದು ಗೋಣಿಯ ಮೇಲೆ ಹರವಿದಳು. ಮಗಳು ಒಳಗಿನಿಂದ ಸೂಜಿ ದಾರ, ತಾಟಿನಲ್ಲಿ ಒಂದು ರೊಟ್ಟಿ ತಂದಳು. ಆಕಡಿಗೆ ಹಿಡೀರಿ, ಬಿಗಿ ಹಿಡೀರಿ ಎಂದು ಮೂಕಮ್ಮ ಕೌದಿಯ ಒಂದು ಅಂಚನ್ನು ಅಯ್ಯಮ್ಮನ ಕಡೆ ನೂಕಿದಳು. ರೊಟ್ಟಿ ಮುರಿದು ಒಂದು ಚೂರನ್ನು ನಡುವಿನ ತೆರಪಿನಲ್ಲಿಟ್ಟಳು. ಉಳಿದದ್ದನ್ನು ಎದುರಿಗೆ ಹಿಡಿದವರ ಕೈಗೆ ಕೊಡಬೇಕು, ಪದ್ಧತಿ ಅದು. ಅವಳ ಕೈ ಅರ್ಧಕ್ಕೆ ನಿಂತಿತು. ಆಮೇಲೆ, ಯಾರಿಗೂ ಭಾರವಾಗದ ಹಾಗೆ, ಅದನ್ನು ಅಯ್ಯಮ್ಮನ ಪಕ್ಕದಲ್ಲಿ ತಾಟಿನ ಮೇಲಿಟ್ಟು, ಬೇಕಾದ್ರ ಕಾಗಿ ತಿಂತಾವ ಎಂದು ಹೇಳಿ, ಹೊಲಿಗೆಗೆ ಬಗ್ಗಿದಳು.

ಅಯ್ಯಮ್ಮ ಕೌದಿ ನೋಡಿದಳು. ಮಂಗಳವಾರ ನೋಡಿದ್ದು ಬಟ್ಟೆಯನ್ನು. ಇವತ್ತು ಮೊದಲ ಸಲ ಹೊಲಿಗೆ ಕಂಡಿತು. ಮೂಲೆಯಿಂದ ಹೊರಟ ಬಿಳಿ ದಾರ ಅಂಚನ್ನು ಸುತ್ತಿ, ಒಳಗೆ ಸರಿದು, ಮತ್ತೆ ಸುತ್ತಿ, ಎಲ್ಲೂ ಕಡಿಯದೆ ಬಂದಿತ್ತು. ಗಂಟುಗಳು ಎಲ್ಲೋ ಇದ್ದವು, ಎಲ್ಲಿ ಎಂದು ಕಣ್ಣಿಗೆ ಸಿಗಲಿಲ್ಲ. ಎರಡು ಸಾಲಿನ ನಡುವೆ ಕಿರುಬೆರಳು ಇಟ್ಟು ನೋಡಿದಳು. ಅಂಚಿನಲ್ಲೂ ಒಂದು ಬೆರಳು, ನಡುವೆಯೂ ಒಂದು ಬೆರಳು. ಟೆರಿಲಿನ್ ಜಾರುವ ಬಟ್ಟೆ, ಅಲ್ಲಿ ಹೊಲಿಗೆ ಒತ್ತೊತ್ತಾಗಿತ್ತು. ಹಳೆಯ ಧೋತರ ಸವೆದದ್ದು, ಅಲ್ಲಿ ಕೆಳಗೆ ಇನ್ನೊಂದು ಪದರ ಕೊಟ್ಟಿತ್ತು. ಬುರ್ಖಾದ ಕರಿ ತುಂಡಿನ ಎದುರು ಮೂಲೆಯಲ್ಲಿ ಅದರ ತೂಕಕ್ಕೆ ಸರಿಯಾಗಿ ಒಂದು ಕಡುಗೆಂಪು. ಯಾವ ಬಟ್ಟೆಗೂ ಬರಬೇಡ ಅಂದಿರಲಿಲ್ಲ. ಬಂದ ಯಾವ ಬಟ್ಟೆಯನ್ನೂ ಬೇಕಾದ ಹಾಗೆ ಇರು ಎಂದು ಬಿಟ್ಟಿರಲಿಲ್ಲ. ಬಸವಂತಮ್ಮನ ಚೌಕಗಳಲ್ಲಿ ಹೊಲಿಗೆ ಹೇಗಿತ್ತು? ನೆನಪಿಗೆ ಬರಲಿಲ್ಲ. ಸುತ್ತಿ ಬಂದಿತ್ತೋ, ಈ ಅಂಚಿನಿಂದ ಆ ಅಂಚಿಗೆ ಗೆರೆ ಎಳೆದ ಹಾಗೆ ಹೋಗಿತ್ತೋ? ನಡು ತುಂಬಿತ್ತೋ ಇಲ್ಲವೋ? ಅವಳು ಅದನ್ನು ನೋಡಿಯೇ ಇರಲಿಲ್ಲ. ಎಲ್ಲಿಂದ ಬಂದದ್ದೆಂದು ಗೊತ್ತಾದ ಕೂಡಲೆ ನೋಡುವ ಕೆಲಸ ಮುಗಿದುಹೋಗಿತ್ತು. ಹನ್ನೊಂದು ವರ್ಷ, ವರ್ಷಕ್ಕೆ ನಲವತ್ತು ಹುಡುಗಿಯರು, ಎಷ್ಟು ನೋಟುಪುಸ್ತಕಗಳಲ್ಲಿ ಅವಳು ಆ ಎರಡನ್ನೂ ಒಂದೇ ಎಂದು ಬರೆಸಿದ್ದಳೋ. ತರಗತಿಯಲ್ಲಿ ತನ್ನನ್ನು ರೂಪದ ಕಡೆಯವಳು ಎಂದು ಕರೆದುಕೊಂಡು ಎಷ್ಟು ಹೆಮ್ಮೆ ಪಟ್ಟಿದ್ದಳೋ. ನಿಜವಾದ ರೂಪದ ಕಡೆಯವಳು ಇಲ್ಲಿ ಎದುರಿಗೆ ಕೂತು ಸೂಜಿಗೆ ಎಂಜಲು ಹಚ್ಚಿದ ದಾರ ಪೋಣಿಸುತ್ತಿದ್ದಾಳೆ, ಅವಳಿಗೆ ಆ ಹೆಸರು ಗೊತ್ತಿಲ್ಲ.

ಸಾಲಿನ ಮೇಲೆ ಕಣ್ಣಿಟ್ಟು ಬೆರಳು ಓಡಿಸುತ್ತ ಅವಳು ಎಷ್ಟು ಹೊತ್ತು ಹಾಗೆ ಕೂತಿದ್ದಳೋ, ಮಾನಮ್ಮ ನೀರು ತಂದು ಪಕ್ಕದಲ್ಲಿಟ್ಟಾಗ ತಾಟಿನ ಮೇಲೆ ರೊಟ್ಟಿ ಇರಲಿಲ್ಲ. ಬಾಯಲ್ಲಿ ಜೋಳದ ರುಚಿ ಇತ್ತು. ಮೂಕಮ್ಮ ಅದನ್ನು ಕಂಡೂ ಕಾಣದವಳ ಹಾಗೆ ದಾರ ಕಡಿದಳು.

"ಈಗ ಬರೀಲೇನು?" ಅಂದಳು ಅಯ್ಯಮ್ಮ. "ನಿಮ್ಮದು ಮೊದಲು ಅಂತ."

ಮೂಕಮ್ಮ ಕೌದಿಯ ಕೊನೆಯ ಮೂಲೆಯನ್ನು ಎಳೆದು ಅವಳ ಮುಂದಿಟ್ಟಳು. ಅಲ್ಲಿ ಸಾಲು ತಿರುಗುವ ಕಡೆ ಒಂದು ಅಕ್ಕಿಕಾಳಿನಷ್ಟು ಓರೆಯಾಗಿತ್ತು. ತೋರಿಸದಿದ್ದರೆ ಕಾಣುತ್ತಿರಲಿಲ್ಲ.

"ಇಲ್ಲಿ ವಾರಿ ಆಗ್ಯಾದ ನೋಡ್ರಿ. ಅವತ್ತು ಜ್ವರ ಇತ್ತು, ಬಿಚ್ಚಿ ಹೊಲಿಯಾಕ ಆಗಲಿಲ್ಲ. ನಾ ಅವತ್ತು ಎಲ್ಲಾರದೂ ನೋಡೀನಿ. ದೇವದುರ್ಗದ ಸರ್ವರಿ ಬೇಗಂ ಹೊಲದದ್ದು ಅದ ಅಲ್ಲ, ಆಕೀದು ನಾಕೂ ಮೂಲಿ ಸರಿ ಅದಾವ. ನಡು ಹೆಂಗ ಮುಚ್ಚ್ಯಾಳ ಅಂತ ನನಗ ಕಾಣಲಿಲ್ಲ, ಮ್ಯಾಲ ತೂಗುಹಾಕಿದ್ರು. ಅದು ಹೆಂಗದ?"

ಅಯ್ಯಮ್ಮನಿಗೆ ಗೊತ್ತಿರಲಿಲ್ಲ. ಸರ್ವರಿ ಬೇಗಂ ಎಂಬ ಹೆಸರಿನ ಎದುರಿಗೆ ಮೂರನೆಯ ಸ್ಥಾನ ಎಂದು ಬರೆದದ್ದು ಗೊತ್ತಿತ್ತು, ಯಾಕೆ ಬರೆದೆ ಎಂದು ಗೊತ್ತಿರಲಿಲ್ಲ. ಗೊತ್ತಿಲ್ಲ, ನಾ ನೋಡಿಲ್ಲ ಅಂದಳು. ಮಾನಮ್ಮ ಮೆಲ್ಲಗೆ, ಬಿಡವ್ವ, ಅವರು ಕೊಡ್ತೀನಿ ಅಂತಾರಲ್ಲ ಎಂದಳು. ಹುಡುಗಿಯ ದನಿಯಲ್ಲಿ ಮೊದಲ ಸಲ ಆಸೆ ಕೇಳಿಸಿತು. ಅವ್ವನ ಮೊಣಕಾಲನ್ನು ದಿನಾ ತಿಕ್ಕುವವಳು ಅವಳು. ಅಯ್ಯಮ್ಮನಿಗೂ ಹಾಗೇ ಆಗಲಿ ಅನ್ನಿಸಿತು. ಹಾಳೆಯ ಮೇಲೆ ಒಂದು ಗೆರೆ ಎಳೆದರೆ ಈ ಮನೆಗೂ ಒಳ್ಳೆಯದು, ತನಗೂ ಇವತ್ತು ರಾತ್ರಿ ನಿದ್ದೆ. ಮೂಕಮ್ಮ ಮಗಳ ಕಡೆ ನೋಡಲಿಲ್ಲ.

"ಯವ್ವಾ, ನೀವು ಕೈ ತೊಳಕೊಂಡದ್ದಕ್ಕ ಬದಲಿ ಕೊಡಾಕ ಬಂದೀರಿ. ಅದು ನನಗ ಬ್ಯಾಡ. ಕೌದಿ ನೋಡಿ ಕೊಡ್ರಿ. ಆಗ ನಾ ಬರ್ತೀನಿ, ನಿಮ್ಮ ಮಾನ್ವಿಗೆ ಕುಂಟಕೋತ ಬರ್ತೀನಿ."

ಹೇಳಿ ಅವಳೇ ನಕ್ಕಳು. ಮೊಣಕಾಲಿನ ಮೇಲೆ ಕೈಯೂರಿ ಎದ್ದು, ಹನ್ನೆರಡೂವರೆ ಬಸ್ಸು ಬರೋ ಹೊತ್ತಾತು, ಮಾನೀ, ಮೇಡಮ್ಮೋರನ್ನ ಹತ್ತಿಸಿ ಬಾ, ತಲಿಮ್ಯಾಲ ಬಿಸಿಲದ, ಆ ಕೊಡಿ ತಗೊಂಡು ಹೋಗು ಅಂದಳು. ಮನೆಯಲ್ಲಿ ಒಂದೇ ಕೊಡೆ ಇತ್ತು, ಅದರ ಒಂದು ಕಡ್ಡಿ ಮುರಿದಿತ್ತು. ಮಾನಮ್ಮ ಮುರಿದ ಕಡ್ಡಿಯ ಕಡೆ ತಾನು ಬರುವ ಹಾಗೆ ಹಿಡಿದುಕೊಂಡು ನಡೆದಳು.  ಬಸ್ಸು ಬಂದಾಗ ಅಯ್ಯಮ್ಮ, ನಿನ್ನೆ ಬರೆಸಿದ ಟಿಪ್ಪಣಿಯ ಕೊನೆಯ ವಾಕ್ಯ ಹೊಡೆದುಹಾಕು ಅಂದಳು. ನಾನು ಅದನ್ನ ಬರಕೊಂಡಿಲ್ರಿ ಅಂದಳು ಮಾನಮ್ಮ.

ಮಾನ್ವಿಯ ಕಚೇರಿ ಮುಟ್ಟಿದಾಗ ಒಂದು ಗಂಟೆ ಹತ್ತು ನಿಮಿಷವಾಗಿತ್ತು. ಜವಾನ ಅಮೀರ್ ಸಾಬ್ ಬಾಗಿಲಿಗೆ ಹಾಕಲು ಬೀಗ ಹಿಡಿದು ನಿಂತಿದ್ದವರು, ಅವಳ ಮುಖ ನೋಡಿ, ಬೀಗವನ್ನು ಜೇಬಿಗೆ ಹಾಕಿಕೊಂಡು ಒಳಗೆ ಕುರ್ಚಿ ಒರೆಸಿದರು. ಅಧಿಕಾರಿ ಎದ್ದು ನಿಂತು ನಮಸ್ಕಾರ ಮಾಡಿದರು. ನನ್ನ ಮನೆಯವಳು ನಿಮ್ಮ ಬಗ್ಗೆಯೇ ಮಾತಾಡುತ್ತಿರುತ್ತಾಳೆ, ಎಷ್ಟು ನಿಖರವಾಗಿ ಬರೆಯುತ್ತಾರೆ ಅಂತ, ಎಂದರು. ಅಯ್ಯಮ್ಮ ಕೂತಳು. ಹಾಳೆಯನ್ನು ಮೇಜಿನ ಮೇಲೆ ಬಿಡಿಸಿಟ್ಟು, ಅದರ ಮೇಲೆ ಕೈಯಿಟ್ಟುಕೊಂಡು, ಇದನ್ನು ಕೊಡಲು ಬಂದಿಲ್ಲ, ತೀರ್ಪು ಇನ್ನೂ ಆಗಿಲ್ಲ, ಮತ್ತೆ ನೋಡಬೇಕು ಎಂದಳು. ಅಧಿಕಾರಿಗೆ ಅರ್ಥವಾಗಲಿಲ್ಲ. ಕೌದಿಗಳೆಲ್ಲ ಬುಧವಾರವೇ ಅವರವರ ಮನೆಗೆ ಹೋದವು, ಈಗ ಮತ್ತೆ ಒಂಬತ್ತು ಜನರನ್ನು ಕರೆಸುವುದು ಹೇಗೆ ಎಂದರು. ಕರೆಸುವುದು ಬೇಡ, ನಾನೇ ಮನೆಮನೆಗೆ ಹೋಗುತ್ತೇನೆ, ಎಂಟು ದಿನ ಕೊಡಿ ಎಂದಳು. ಅವರು ಪೆನ್ಸಿಲನ್ನು ಮೇಜಿಗೆ ತಟ್ಟುತ್ತ ಕೂತರು. ಒಳ್ಳೆಯ ಮನುಷ್ಯ, ಆದರೆ ಕಡತಕ್ಕೆ ಒಂದು ಕಾರಣ ಬೇಕಲ್ಲ.

"ಏನಂತ ಬರೆಯಲಿ ಮೇಡಂ? ಎರಡು ಸಹಿ ಆಗಿಬಿಟ್ಟಿದೆ."

"ನಿರ್ಣಾಯಕರು ಕೌದಿ ನೋಡಿಲ್ಲ ಅಂತ ಬರೀರಿ."

"ಇಬ್ಬರೂ?"

ಇಬ್ಬರೂ ಅಂದಿದ್ದರೆ ಅರ್ಧ ಹಗುರಾಗುತ್ತಿತ್ತು. ನಿಮ್ಮ ಮನೆಯವರು ಗೊತ್ತಿಲ್ಲದೆ ಕತ್ತರಿ ಹಿಡಿದರು, ನನಗೆ ಗೊತ್ತಿತ್ತು, ತಪ್ಪು ನನ್ನದು, ನನ್ನ ಹೆಸರು ಹಾಕಿ ಬರೆಯಿರಿ ಎಂದು ಹೇಳಿದಳು. ಯಾವ ತಪ್ಪು ಎಂದು ಅವರು ಕೇಳಿದರು. ರೊಟ್ಟಿಯ ಸಂಗತಿಯನ್ನು ಮೊದಲಿನಿಂದ ಹೇಳಿದಳು. ಚೀಟಿಯಲ್ಲಿ ಕೇರಿ ಓದಿದ್ದನ್ನೂ ಹೇಳಿದಳು. ಕೈ ತೊಳೆದದ್ದನ್ನೂ, ಎರಡು ಸಲ ತೊಳೆದದ್ದನ್ನೂ. ಅಮೀರ್ ಸಾಬ್ ಬಾಗಿಲಲ್ಲೇ ನಿಂತಿದ್ದರು. ಅಧಿಕಾರಿ ತಲೆ ಬಗ್ಗಿಸಿ ಬರೆದರು. ಬರೆಯುವ ಸದ್ದು ಬಹಳ ಹೊತ್ತು ಕೇಳಿಸಿತು. ಬರೆದದ್ದನ್ನು ಅವಳ ಕಡೆ ತಿರುಗಿಸಿ ಸಹಿಗೆ ಜಾಗ ತೋರಿಸಿದರು. ಅವಳು ಓದದೆ ಸಹಿ ಮಾಡಿದಳು, ಆಮೇಲೆ ಓದಿದಳು. ಎಲ್ಲವೂ ಇತ್ತು, ಇರಬಾರದ ಒಂದು ಮಾತೂ ಇರಲಿಲ್ಲ.

ಹೊರಗೆ ಅಮೀರ್ ಸಾಬ್ ಒಂಬತ್ತು ಚೀಟಿಗಳನ್ನು ದಾರ ಕಟ್ಟಿ ತಂದುಕೊಟ್ಟರು. ಪ್ರತಿ ವಿಳಾಸವನ್ನೂ ಓದಿ, ಯಾವ ಬಸ್ಸು, ಎಲ್ಲಿ ಇಳಿಯಬೇಕು, ಯಾವ ಮರದ ಹತ್ತಿರ ತಿರುಗಬೇಕು ಎಂದು ಒಂದೇ ದನಿಯಲ್ಲಿ ಹೇಳುತ್ತ ಹೋದರು. ಯಾವ ಕೇರಿಯ ಹೆಸರಿನಲ್ಲೂ ಅವರ ದನಿ ನಿಲ್ಲಲಿಲ್ಲ. ದೇವದುರ್ಗಕ್ಕೆ ಮೂರು ಗಂಟೆಗೆ ಬಸ್ಸು, ಅಲ್ಲಿಯ ತನಕ ಬಿಸಿಲಲ್ಲಿ ನಿಲ್ಲಬೇಡ್ರಿ ಎಂದು ಬೀಗ ಹಾಕಿದ ಬಾಗಿಲಿನ ಮುಂದೆ ತಮ್ಮ ಸ್ಟೂಲನ್ನು ಇಟ್ಟು ಹೋದರು. ಅಯ್ಯಮ್ಮ ಕೂತಳು. ಸರ್ವರಿ ಬೇಗಮಳ ನಾಲ್ಕು ಮೂಲೆ ಸರಿಯಿದ್ದು, ನಡುವೂ ಸರಿಯಿದ್ದರೆ? ಆಗ ಮೊದಲ ಹೆಸರು ಅವಳದು. ಆಗ ಕಲ್ಲೂರಿನಲ್ಲಿ ಇಳಿದು, ಬೇವಿನ ಮರದ ಕೆಳಗೆ ಕೂತು, ನಿಮ್ಮದು ಎರಡನೆಯದು ಎಂದು ಮೂಕಮ್ಮನಿಗೆ ಹೇಳಬೇಕಾಗುತ್ತದೆ. ಮಾನಮ್ಮ ಅಲ್ಲೇ ನಿಂತಿರುತ್ತಾಳೆ. ಮೂಕಮ್ಮ ಯಾಕೆ ಎಂದು ಕೇಳುತ್ತಾಳೆ, ಕೇಳದೆ ಬಿಡುವವಳಲ್ಲ. ಆಗ ಯಾಕೆ ಎಂಬುದನ್ನು ಸಾಲು ಸಾಲಾಗಿ, ಬೆರಳಿಟ್ಟು ತೋರಿಸಿ ಹೇಳಬೇಕು. ಅಯ್ಯಮ್ಮ ಚೀಟಿಗಳ ದಾರ ಬಿಚ್ಚಿ ಸರ್ವರಿ ಬೇಗಮಳದನ್ನು ಎಲ್ಲಕ್ಕಿಂತ ಮೇಲಿಟ್ಟುಕೊಂಡಳು. ಮೂರು ಗಂಟೆಯ ಬಸ್ಸು ಧೂಳೆಬ್ಬಿಸುತ್ತ ಬಂದು ನಿಂತಾಗ ಅವಳು ಸ್ಟೂಲನ್ನು ಎತ್ತಿ ಗೋಡೆಯ ಬದಿಗಿಟ್ಟು, ಹತ್ತಿ, ದೇವದುರ್ಗಕ್ಕೆ ಒಂದು ಟಿಕೀಟು ಕೇಳಿದಳು.